ಏಳೂವರೆ ಮಿಲಿಲೀಟರ್

ಮೊಸರು ಕಡೆಯುವಾಗ ಸದ್ದು ಬದಲಾಗುವ ಒಂದು ಗಳಿಗೆ ಇದೆ. ಅಲ್ಲಿಯವರೆಗೆ ದಪ್ಪಗೆ, ತುಸು ಉಸಿರು ಕಟ್ಟಿದಂತೆ ಕೇಳುತ್ತಿದ್ದದ್ದು ಒಮ್ಮೆಲೇ ಸಡಿಲವಾಗಿ ನೀರಿನ ಸದ್ದಾಗುತ್ತದೆ. ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಮ್ಮ ಅದನ್ನು ಕಿವಿಯಿಂದಲೇ ಹಿಡಿಯುತ್ತಿದ್ದಳು. ಹಗ್ಗ ಬಿಟ್ಟು, ಚೊಂಬಿನಿಂದ ಸ್ವಲ್ಪ ತಣ್ಣೀರು ಹಾಕಿ, ಕಡೆಗೋಲನ್ನು ಮತ್ತೆ ನಾಲ್ಕು ಸಲ ತಿರುವಿದರೆ ಬೆಣ್ಣೆ ತೇಲಿ ಬರುತ್ತಿತ್ತು. ಉಳಿದದ್ದು ಮಜ್ಜಿಗೆ.

ಆ ಗಳಿಗೆಯಲ್ಲಿ ನಡೆಯುವುದೇನು ಎಂದು ನಾನು ತಿಳಿದದ್ದು ಬಹಳ ತಡವಾಗಿ. ಹಾಲಿನ ಕೊಬ್ಬು ಸುಮ್ಮನೆ ಹಾಲಿನಲ್ಲಿ ಕರಗಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ, ಒಂದೊಂದು ಹನಿಯೂ ತೆಳ್ಳನೆಯ ಪೊರೆ ಹೊದ್ದು ತೇಲುತ್ತಿರುತ್ತದೆ. ಕೆಚ್ಚಲಿನ ಜೀವಕೋಶ ಕೊಬ್ಬಿನ ಹನಿಯನ್ನು ಹೊರಗೆ ಬಿಡುವಾಗ ತನ್ನ ಮೈಪೊರೆಯ ಒಂದು ತುಂಡನ್ನೇ ಅದಕ್ಕೆ ಸುತ್ತಿ ಕಳಿಸುತ್ತದೆ, ತವರಿಂದ ಹೊರಟ ಮಗಳಿಗೆ ಸೀರೆ ಉಡಿಸಿ ಕಳಿಸಿದ ಹಾಗೆ. ಕಡೆಗೋಲು ಆ ಪೊರೆಯನ್ನು ಹರಿಯುತ್ತದೆ. ಕೊಬ್ಬು ಕೊಬ್ಬಿಗೆ ಅಂಟಿ ಬೆಣ್ಣೆಯಾಗುತ್ತದೆ, ಹರಿದ ಪೊರೆ ಮಜ್ಜಿಗೆಗೆ ಹೋಗುತ್ತದೆ.

ಆ ಪೊರೆಯ ಮೇಲೆ ಒಂದು ಪ್ರೋಟೀನು ಇದೆ. ಹೆಸರು ಮಕ್-1. ಹಸುವಿನ ಹಾಲಲ್ಲೂ ಇದೆ, ತಾಯಿಯ ಹಾಲಲ್ಲೂ ಇದೆ. ಚಿಕ್ಕಮ್ಮನ ಎಡ ಸ್ತನದ ಆಪರೇಶನ್ ಆದ ಮೇಲೆ, ಮೂರು ತಿಂಗಳಿಗೊಮ್ಮೆ ಅವಳ ರಕ್ತದಲ್ಲಿ ಈ ಪ್ರೋಟೀನಿನ ಚೂರುಗಳನ್ನು ಅಳೆದು ಒಂದು ಸಂಖ್ಯೆ ಕೊಡುತ್ತಿದ್ದರು. ರಿಪೋರ್ಟಿನಲ್ಲಿ ಅದನ್ನು ಸಿಎ 15-3 ಎಂದು ಬರೆದಿರುತ್ತಿತ್ತು.

ನಾನು ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತವಳು. ಆದ್ದರಿಂದ ಮನೆಯವರ ರಿಪೋರ್ಟೆಲ್ಲ ನನ್ನ ಕೈಗೇ ಬರುತ್ತಿತ್ತು. ಫೋನು ಎತ್ತಿದ ತಕ್ಷಣ ಚಿಕ್ಕಮ್ಮ ಕೇಳುತ್ತಿದ್ದ ಮಾತು ಒಂದೇ: "ಈ ಸಲ ಎಷ್ಟು ಬಂತೇ?" ಹುಷಾರಾಗಿದ್ದೀಯಾ ಅಂತಿಲ್ಲ, ಮಳೆ ಬಂತಾ ಅಂತಿಲ್ಲ. ನಾನು ಸಂಖ್ಯೆ ಹೇಳುತ್ತಿದ್ದೆ. ಆಚೆ ಕಡೆ ಒಂದು ಉಸಿರು ಕೇಳುತ್ತಿತ್ತು. ಆ ಉಸಿರು ಸಮಾಧಾನದ್ದೋ ಅಲ್ಲವೋ ಎಂದು, ಮೊಸರಿನ ಸದ್ದನ್ನು ಅವಳು ಹಿಡಿಯುತ್ತಿದ್ದ ಹಾಗೆ, ನಾನೂ ಹಿಡಿಯಲು ಕಲಿತೆ.

ಹಾಲಿನ ಪ್ರೋಟೀನು ರಕ್ತಕ್ಕೆ ಬರುವುದು ಹೇಗೆ? ಇದು ನನಗೆ ಅತ್ಯಂತ ಇಷ್ಟವಾದ ಭಾಗ, ನಿಧಾನವಾಗಿ ಹೇಳುತ್ತೇನೆ. ಸ್ತನದೊಳಗಿನ ಹಾಲಿನ ನಾಳಕ್ಕೆ ಒಳಮೈಯಾಗಿ ನಿಂತ ಜೀವಕೋಶಗಳಿಗೆ ದಿಕ್ಕು ಗೊತ್ತು. ಒಂದು ಮುಖ ನಾಳದ ಕಡೆ, ಬೆನ್ನು ರಕ್ತದ ಕಡೆ. ಮಕ್-1 ಇರುವುದು ನಾಳದ ಕಡೆಯ ಮುಖದ ಮೇಲೆ ಮಾತ್ರ. ಇಪ್ಪತ್ತು ಅಮೈನೊ ಆಮ್ಲಗಳ ಒಂದೇ ಸಾಲು ಮತ್ತೆ ಮತ್ತೆ ಮರುಕಳಿಸಿ, ಸಾಲುಸಾಲಿಗೂ ಸಕ್ಕರೆಯ ಕೊಂಬೆಗಳು ಮೂಡಿ, ಉದ್ದಕ್ಕೆ ಹೊರಚಾಚಿರುತ್ತದೆ. ಅದರಿಂದ ನಾಳದ ಒಳಗೆ ಜಾರಿಕೆ ಉಳಿಯುತ್ತದೆ, ಗೋಡೆಗೆ ಗೋಡೆ ಅಂಟುವುದಿಲ್ಲ. ಕ್ಯಾನ್ಸರ್ ಕೋಶ ಮೊದಲು ಮರೆಯುವ ವಿಷಯಗಳಲ್ಲಿ ಈ ದಿಕ್ಕೂ ಒಂದು. ಮುಖ ಯಾವುದು ಬೆನ್ನು ಯಾವುದು ಎಂದು ತಿಳಿಯದೆ ಮಕ್-1 ಅನ್ನು ಮೈತುಂಬ ಹಚ್ಚಿಕೊಳ್ಳುತ್ತದೆ. ನಾಳಕ್ಕೆ ಉದುರಬೇಕಾದ ಚೂರು ರಕ್ತಕ್ಕೆ ಉದುರುತ್ತದೆ. ಸಿಎ 15-3 ಅಳೆಯುವುದು ದಿಕ್ಕು ತಪ್ಪಿದ ಈ ಚೂರುಗಳನ್ನು.

ಅಳೆಯುವ ಬಗೆಯೂ ಅಷ್ಟೇ ಸೊಗಸು. ಎರಡು ಪ್ರತಿಕಾಯಗಳು ಬೇಕು. ಒಂದು 115ಡಿ8, ಆಮ್ಸ್ಟರ್‌ಡ್ಯಾಮಿನಲ್ಲಿ ತಯಾರಾದದ್ದು. ಅದನ್ನು ಪಳಗಿಸಿದ್ದು ಮನುಷ್ಯರ ಹಾಲಿನ ಕೊಬ್ಬಿನ ಹನಿಯ ಪೊರೆಯನ್ನು ತೋರಿಸಿ. ಇನ್ನೊಂದು ಡಿಎಫ್3, ಬಾಸ್ಟನ್ನಿನದು. ಅದನ್ನು ಪಳಗಿಸಿದ್ದು ಯಕೃತ್ತಿಗೆ ಹರಡಿದ ಸ್ತನ ಕ್ಯಾನ್ಸರಿನ ಪೊರೆಯನ್ನು ತೋರಿಸಿ. ಒಂದಕ್ಕೆ ಹಾಲಿನ ಪರಿಚಯ, ಒಂದಕ್ಕೆ ರೋಗದ ಪರಿಚಯ. ಮೊದಲನೆಯದು ರಕ್ತದಲ್ಲಿನ ಚೂರನ್ನು ಹಿಡಿದು ನಿಲ್ಲಿಸುತ್ತದೆ, ಎರಡನೆಯದು ಬಂದು ಅದರ ಮೇಲೆ ಗುರುತು ಹಾಕುತ್ತದೆ. ಇಬ್ಬರೂ ಹೌದೆಂದರೆ ಮಾತ್ರ ಎಣಿಕೆಗೆ ಸೇರುತ್ತದೆ. ಇಷ್ಟು ವರ್ಷ ಲ್ಯಾಬಿನಲ್ಲಿದ್ದರೂ ಈ ಜೋಡಿಯ ಹುಟ್ಟನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆದರೂ ಆ ಸಂಖ್ಯೆಯನ್ನು ನಾನು ಪೂರ್ತಿ ನಂಬಿದವಳಲ್ಲ. ಲ್ಯಾಬಿನಿಂದ ಲ್ಯಾಬಿಗೆ ಗಡಿ ಬೇರೆ, ಒಂದು ಕಡೆ 25, ಇನ್ನೊಂದು ಕಡೆ 30. ಯಕೃತ್ತಿನ ಬೇರೆ ಕಾಯಿಲೆಯಲ್ಲೂ ಏರುತ್ತದೆ. ರೋಗ ಇನ್ನೂ ಸ್ತನದಲ್ಲೇ ಸಣ್ಣದಾಗಿ ಇರುವಾಗ ಬಹುಪಾಲು ಹೆಂಗಸರಲ್ಲಿ ಅದು ಏರುವುದೇ ಇಲ್ಲ. ಹರಡಿದ ರೋಗಕ್ಕೆ ಔಷಧ ಶುರುಮಾಡಿದ ಮೊದಲ ವಾರಗಳಲ್ಲಿ ಔಷಧ ಕೆಲಸ ಮಾಡುತ್ತಿದ್ದರೂ ಒಮ್ಮೆ ಮೇಲೆ ಹಾರಿ ಆಮೇಲೆ ಇಳಿಯಬಹುದು. ಚಿಕಿತ್ಸೆ ಮುಗಿಸಿ ಯಾವ ಲಕ್ಷಣವೂ ಇಲ್ಲದೆ ಇರುವವರಿಗೆ ಇದನ್ನು ಪದೇ ಪದೇ ಮಾಡಿಸಬೇಡಿ ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಬಹಳ ಹಿಂದೆಯೇ ಹೇಳಿದೆ, ಮೊದಲೇ ತಿಳಿದದ್ದರಿಂದ ಹೆಚ್ಚು ಕಾಲ ಬದುಕಿದರು ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲವೆಂದು. ಚಿಕ್ಕಮ್ಮನಿಗೆ ನಾನು ಇದನ್ನು ಹೇಳಿದ್ದೆ. "ಗೊತ್ತಾದ್ರೆ ಗೊತ್ತಾಗಲಿ ಬಿಡೇ," ಎಂದಳು, "ಕತ್ತಲಲ್ಲಿ ಕೂರೋಕ್ಕಿಂತ ವಾಸಿ." ಐದನೆಯ ವರ್ಷ 22 ಇದ್ದದ್ದು 41 ಆಯಿತು, ಆಮೇಲೆ 68. ಸೊಂಟದ ನೋವು ಶುರುವಾದದ್ದು ಅದರ ನಂತರ.

ಸಿಎ 15-3 ಹೇಳುವುದು ಕೋಶದಿಂದ ಉದುರಿದ ಚೂರಿನ ಸುದ್ದಿ. ಕೋಶವೇ ಹೊರಟು ಬಂದು ರಕ್ತದಲ್ಲಿ ಹೋಗುತ್ತಿದ್ದರೆ?

ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಹೇಳಬೇಕು. ಗಾಜಿನ ಮೇಲೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು, ಒಂದೇ ಎಳೆತಕ್ಕೆ ಎಳೆದರೆ ಸ್ಮಿಯರ್ ಆಗುತ್ತದೆ. ತಲೆಯ ಕಡೆ ದಪ್ಪ, ಕೊನೆಯ ಕಡೆ ತೆಳ್ಳಗೆ, ಹಕ್ಕಿಯ ಗರಿಯ ಅಂಚಿನ ಹಾಗೆ. ಅದನ್ನು ನಾವು ಬಾಲ ಎನ್ನುತ್ತೇವೆ. ಎಣಿಕೆ ಮಾಡುವುದು ನಡುಮೈಯಲ್ಲಿ. ಆದರೆ ದೊಡ್ಡ ಕೋಶಗಳು ಎಳೆತದ ಜೊತೆ ಸಾಗಿ ಬಾಲದ ಅಂಚಿಗೆ ಹೋಗಿ ನಿಲ್ಲುತ್ತವೆ. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: ಎಣಿಕೆ ಮುಗಿದರೂ ಏಳಬೇಡ, ಬಾಲ ನೋಡಿಯೇ ಏಳು. ಅಲ್ಲಿ ಇರಬಾರದ್ದೊಂದು ಕೂತಿರಬಹುದು. ಸಾವಿರಾರು ಸ್ಲೈಡುಗಳ ಬಾಲ ನೋಡಿದ್ದೇನೆ. ರಕ್ತದ್ದಲ್ಲದ ಕೋಶ ಕಂಡ ಸಲಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು. ಪ್ರತಿ ಸಲವೂ ಬೆನ್ನಿನ ಮೇಲೆ ತಣ್ಣಗಾದಂತಾಗಿ, ಪಕ್ಕದವರನ್ನು ಕರೆದು, ಬಾಯಿಬಿಡದೆ ಜಾಗ ಬಿಟ್ಟುಕೊಟ್ಟಿದ್ದೇನೆ.

ಆದ್ದರಿಂದ ಮೆಲ್ಬರ್ನಿನ ಥಾಮಸ್ ಆಶ್ವರ್ತ್ ಎಂಬ ವೈದ್ಯನ ಕೈ 1869ರಲ್ಲಿ ಹೇಗೆ ನಿಂತಿರಬಹುದು ಎಂದು ನಾನು ಊಹಿಸಬಲ್ಲೆ. ಚರ್ಮದ ಕೆಳಗೆ ಹಲವು ಗಡ್ಡೆಗಳೆದ್ದು ತೀರಿಕೊಂಡಿದ್ದ ರೋಗಿಯ ಕಾಲಿನ ರಕ್ತನಾಳದಿಂದ ಆತ ರಕ್ತ ತೆಗೆದು ನೋಡಿದ. ಗಡ್ಡೆಯಲ್ಲಿದ್ದಂಥದೇ ಕೋಶಗಳು ರಕ್ತದಲ್ಲೂ ಇದ್ದವು. ಆ ಕಾಲಿನಲ್ಲಿ ರೋಗವಿರಲಿಲ್ಲ. ಹಾಗಿದ್ದರೆ ಇವು ಮೈಯ ರಕ್ತದ ದಾರಿಯನ್ನು ಬಹುಪಾಲು ಸುತ್ತಿ ಇಲ್ಲಿಗೆ ಬಂದಿರಬೇಕು ಎಂದು ಆತ ಬರೆದ. ಕ್ಯಾನ್ಸರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ, ದಾರಿಯಲ್ಲಿ ನಡೆದು ಹೋಗುತ್ತಿದ್ದವನನ್ನೇ ಕಂಡ ಮೊದಲ ಸಾಕ್ಷಿ ಅದು.

ಇಪ್ಪತ್ತು ವರ್ಷದ ನಂತರ, 1889ರಲ್ಲಿ, ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಕೇಳಿದ್ದು ಬೇರೆ ಪ್ರಶ್ನೆ. ಹೋದವನು ಎಲ್ಲಿ ಇಳಿಯುತ್ತಾನೆ? ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ದಾಖಲೆಗಳನ್ನು ಆತ ಕೂಡಿಸಿ ನೋಡಿದ. 241 ಜನರ ಯಕೃತ್ತಿಗೆ ರೋಗ ಹೋಗಿತ್ತು. ಗುಲ್ಮಕ್ಕೆ ಹೋದದ್ದು 17 ಜನರಲ್ಲಿ ಮಾತ್ರ. ಗುಲ್ಮಕ್ಕೂ ರಕ್ತ ಧಾರಾಳವಾಗಿ ಹೋಗುತ್ತದೆ, ಹರಿವೇ ಎಲ್ಲವನ್ನೂ ನಿರ್ಧರಿಸುವುದಾದರೆ ಈ ಅಂತರ ಇರಬಾರದಿತ್ತು. ಬೀಜ ಎಲ್ಲ ಕಡೆಗೂ ಹೋಗುತ್ತದೆ, ಮೊಳೆಯುವುದು ಒಗ್ಗುವ ನೆಲದಲ್ಲಿ ಎಂದು ಆತ ತರ್ಕಿಸಿದ. ಗದ್ದೆ ಮಾಡಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕಮ್ಮನ ವಿಷಯದಲ್ಲಿ ಒಗ್ಗಿದ ನೆಲ ಮೂಳೆಯಾಗಿತ್ತು.

ಬೀಜ ಕಾಣುತ್ತದೆ ಎಂದು ಗೊತ್ತಾಗಿಯೂ ಅದನ್ನು ನಂಬಿಕೆಯಿಂದ ಎಣಿಸಲು ಆಶ್ವರ್ತ್ ನಂತರ ನೂರಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಯಾಕೆಂದು ಒಂದು ಲೆಕ್ಕ ಹೇಳುತ್ತೇನೆ. ಪರೀಕ್ಷೆಗೆ ತೆಗೆದುಕೊಳ್ಳುವುದು 7.5 ಮಿಲಿಲೀಟರ್ ರಕ್ತ, ಒಂದೂವರೆ ಟೀ ಚಮಚೆಯಷ್ಟು. ಅದರಲ್ಲಿ ಕೆಂಪು ರಕ್ತಕಣಗಳೇ ಸುಮಾರು 3,750 ಕೋಟಿ. ಒಂದು ಕಣಕ್ಕೆ ಒಂದು ಅಕ್ಕಿ ಕಾಳು ಎಂದುಕೊಂಡರೆ, ಐವತ್ತು ಕಿಲೋ ಮೂಟೆಯಲ್ಲಿ ಹೆಚ್ಚುಕಡಿಮೆ 25 ಲಕ್ಷ ಕಾಳು ಹಿಡಿಯುತ್ತದೆ. 15,000 ಮೂಟೆ ಬೇಕು. ಲಾರಿಗೆ 200 ಮೂಟೆಯಂತೆ 75 ಲಾರಿ. ಅಷ್ಟು ಅಕ್ಕಿಯಲ್ಲಿ ಐದು ಕಲ್ಲು ಇದೆಯೋ ನಾಲ್ಕೋ ಎಂದು ತಪ್ಪಿಲ್ಲದೆ ಹೇಳಬೇಕು. ಮೊರದ ಮುಂದೆ ಕೂತು ಕಲ್ಲು ಆರಿಸಿದವರಿಗೆ ಆ ನಾಲ್ಕು ಮತ್ತು ಐದರ ನಡುವಿನ ಅಂತರ ಎಂಥದು ಎಂದು ಗೊತ್ತಾಗುತ್ತದೆ.

ಆ ಕೆಲಸ ಮಾಡುವ ಸೆಲ್‌ಸರ್ಚ್ ಎಂಬ ವಿಧಾನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಒಂದೊಂದು ಹೆಜ್ಜೆಯನ್ನೂ ಓದಿ ನಾನು ಸವಿದಿದ್ದೇನೆ. ರಕ್ತವನ್ನು ತುಂಬುವ ಟ್ಯೂಬಿನಲ್ಲೇ ಕೋಶ ಕೆಡದಂತೆ ಕಾಯುವ ದ್ರವ್ಯ ಇರುತ್ತದೆ. ನಾಲ್ಕು ದಿನ ಹೊರಗೆ ಇದ್ದರೂ ನಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳಿಗೆ ಪ್ರತಿಕಾಯ ಅಂಟಿಸಿ ರಕ್ತಕ್ಕೆ ಬಿಡುತ್ತಾರೆ. ಆ ಪ್ರತಿಕಾಯ ಹುಡುಕುವುದು ಎಪ್‌ಕ್ಯಾಮ್ ಎಂಬ ಪ್ರೋಟೀನನ್ನು. ನಾಳ, ಕರುಳಿನ ಒಳಮೈ ಇಂಥ ಕಡೆ ಕೋಶಗಳು ಒಂದಕ್ಕೊಂದು ಕೈಹಿಡಿದು ನಿಲ್ಲಲು ಬಳಸುವ ಪ್ರೋಟೀನು ಅದು. ರಕ್ತದ ಕೋಶಗಳು ಒಂಟಿ ಸಂಚಾರಿಗಳು, ಅವುಗಳಿಗೆ ಅದು ಬೇಡ, ಇಲ್ಲ. ಆಮೇಲೆ ಪಕ್ಕದಲ್ಲಿ ಅಯಸ್ಕಾಂತ ಇಡುತ್ತಾರೆ. ಕೈಹಿಡಿಯುವ ಅಭ್ಯಾಸ ಇನ್ನೂ ಮೈಯಲ್ಲಿರುವ ಕೋಶ, ಆ ಅಭ್ಯಾಸದ ಕಾರಣದಿಂದಲೇ ಸಿಕ್ಕಿಬೀಳುತ್ತದೆ. ಆ ಅಭ್ಯಾಸವನ್ನೂ ಕಳಚಿ ಹಾಕಿದ ಕೋಶಗಳು ಉಂಟು, ಅವು ತಪ್ಪಿಸಿಕೊಳ್ಳುತ್ತವೆ. ಈ ಬಲೆಯ ಕಣ್ಣು ಎಷ್ಟು ದೊಡ್ಡದು ಎಂದು ಬಲೆ ಹೆಣೆದವರೇ ಬಲ್ಲರು.

ಅಯಸ್ಕಾಂತಕ್ಕೆ ಬಂದದ್ದೆಲ್ಲ ಕಳ್ಳರಲ್ಲ. ಸಾವಿರಾರು ಬಿಳಿ ರಕ್ತಕಣಗಳೂ ಅಂಟಿಕೊಂಡು ಬರುತ್ತವೆ. ಈಗ ಮೂರು ಬಣ್ಣ. ಒಂದು ಕೋಶಕೇಂದ್ರಕ್ಕೆ. ಇನ್ನೊಂದು ಸೈಟೊಕೆರಟಿನ್‌ಗೆ, ಅಂದರೆ ನಮ್ಮ ಕೂದಲು ಉಗುರಿನ ಕೆರಟಿನ್‌ಗೆ ಬಂಧುವಾದ, ಒಳಮೈ ಕೋಶದ ಜಂತಿ ತೊಲೆಗಳಿಗೆ. ಮೂರನೆಯದು ಸಿಡಿ45ಕ್ಕೆ, ಬಿಳಿ ರಕ್ತಕಣದ ಮೈಮೇಲಿನ ಗುರುತಿಗೆ. ಮೊದಲೆರಡು ಬೆಳಗಬೇಕು, ಮೂರನೆಯದು ಬೆಳಗಬಾರದು. ಹೌದು ಎನ್ನುವ ಎರಡು ಮಾತು ಸಾಲದು, ಅಲ್ಲ ಎನ್ನುವ ಒಂದು ಮಾತೂ ಬೇಕು. ಹೆಣ್ಣು ಕೇಳಲು ಬಂದವರ ಮನೆತನ ವಿಚಾರಿಸುವ ಹಳ್ಳಿಯ ಹಿರಿಯರ ಎಚ್ಚರ ಅದರಲ್ಲಿದೆ.

ಇಷ್ಟಾದ ಮೇಲೂ ಯಂತ್ರ ತಾನೇ ತೀರ್ಪು ಕೊಡುವುದಿಲ್ಲ. ಅನುಮಾನ ಬಂದ ಒಂದೊಂದನ್ನೂ ಚೌಕದಲ್ಲಿ ಕೂರಿಸಿ ಪರದೆಯ ಮೇಲೆ ಸಾಲಾಗಿ ತೋರಿಸುತ್ತದೆ. ಹೌದು, ಅಲ್ಲ ಎನ್ನುವುದು ಮುಂದೆ ಕೂತ ಮನುಷ್ಯ. ದುಂಡಗೆ ಅಥವಾ ಮೊಟ್ಟೆಯಾಕಾರಕ್ಕೆ ಇದೆಯೇ? ಕೇಂದ್ರ ಕೋಶದ ಒಳಗೇ ಇದೆಯೇ, ಪಕ್ಕಕ್ಕೆ ಜಾರಿದೆಯೇ? ನಾಲ್ಕು ಮೈಕ್ರಾನಿಗಿಂತ ದೊಡ್ಡದೇ? ಬೆಳಗಿದ್ದು ಕೋಶವೋ, ಬಣ್ಣದ ಕಸವೋ? ಈ ಚೌಕಗಳ ಚಿತ್ರಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿವೆ. ಕಪ್ಪು ಹಿನ್ನೆಲೆಯ ಮೇಲೆ ಎಳೆ ಬಾಳೆಲೆಯ ಹಸಿರು ಉಂಗುರ, ನಡುವೆ ಮಾಗಿದ ನೇರಳೆಹಣ್ಣಿನ ಬಣ್ಣದ ಕೇಂದ್ರ. ಪಕ್ಕದ ಚೌಕದಲ್ಲಿ ಏನೂ ಇಲ್ಲ, ಬರೀ ಕಪ್ಪು. ಆ ಖಾಲಿ ಚೌಕವೇ ಸಿಡಿ45. ಅಲ್ಲಿ ಏನೂ ಇಲ್ಲದಿರುವುದರಿಂದಲೇ ಪಕ್ಕದ್ದು ಏನೆಂದು ಗೊತ್ತಾಗುತ್ತದೆ.

ಇದನ್ನು ಚೆಂದ ಎನ್ನಲು ಬಹಳ ಕಾಲ ನನ್ನ ನಾಲಿಗೆ ಏಳಲಿಲ್ಲ. ಆ ಹಸಿರು ಉಂಗುರ ಯಾರದೋ ಮನೆಯ ಹೆಣ್ಣುಮಗಳ ರಕ್ತದಲ್ಲಿದ್ದದ್ದು. ಅವಳಿಗೆ ಆ ಚಿತ್ರ ಬೇಡವಾಗಿತ್ತು. ಆದರೆ ಒಂದು ಸಂಜೆ ಅದೇ ಚಿತ್ರವನ್ನು ಮತ್ತೆ ನೋಡುತ್ತಿದ್ದಾಗ ನನಗೆ ತಿಳಿಯಾಯಿತು: ನಾನು ಮೆಚ್ಚುತ್ತಿದ್ದದ್ದು ಆ ಕೋಶವನ್ನಲ್ಲ. 75 ಲಾರಿ ಅಕ್ಕಿಯ ನಡುವೆ ಅವಳೊಬ್ಬಳಿಗಾಗಿ ಒಂದು ಕಲ್ಲನ್ನು ಹುಡುಕಿ, ಇದು ಅದೇ ಹೌದೇ ಎಂದು ಮತ್ತೊಮ್ಮೆ ಕೇಳಿಕೊಂಡ ಕಣ್ಣನ್ನು. ಅಷ್ಟು ಹತ್ತಿರದಿಂದ, ಅಷ್ಟು ತಾಳ್ಮೆಯಿಂದ ಒಬ್ಬರನ್ನು ನೋಡುವುದು ಪ್ರೀತಿಗೆ ಬಹಳ ಹತ್ತಿರದ ಕೆಲಸ. ಚೆಂದ ಎಂದು ಈಗ ಹೇಳುತ್ತೇನೆ.

ಐದು ಎಂಬ ಸಂಖ್ಯೆ ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕು. ಕ್ಯಾನ್ಸರ್ ಇಲ್ಲದ 344 ಹೆಂಗಸರ ರಕ್ತ ನೋಡಿದಾಗ ಎರಡು ಅಥವಾ ಹೆಚ್ಚು ಇಂಥ ಕೋಶ ಸಿಕ್ಕಿದ್ದು ಒಬ್ಬರಲ್ಲಿ ಮಾತ್ರ. ಅಂದರೆ ರಕ್ತ ತನ್ನ ಅಂಗಳವನ್ನು ಚೊಕ್ಕಟವಾಗಿ ಇಟ್ಟುಕೊಳ್ಳುತ್ತದೆ. ರೋಗ ಈಗಾಗಲೇ ಹರಡಿದ್ದ 177 ಹೆಂಗಸರನ್ನು ಅಮೆರಿಕದಲ್ಲಿ ಗಮನಿಸಿದರು. ಮ್ಯಾಸಿಮೊ ಕ್ರಿಸ್ಟೊಫಾನಿಲ್ಲಿ ಮತ್ತು ಜೊತೆಗಾರರ ಆ ವರದಿ 2004ರದು. ಹೊಸ ಚಿಕಿತ್ಸೆಗೆ ಮುಂಚೆ 7.5 ಮಿಲಿಲೀಟರಿನಲ್ಲಿ ಐದಕ್ಕಿಂತ ಕಡಿಮೆ ಇದ್ದವರಲ್ಲಿ ರೋಗ ಮುಂದುವರಿಯದೆ ನಿಂತ ಕಾಲದ ಮಧ್ಯಾಂಕ 7 ತಿಂಗಳು. ಐದು ಅಥವಾ ಹೆಚ್ಚು ಇದ್ದವರಲ್ಲಿ 2.7 ತಿಂಗಳು. ಬದುಕಿದ ಕಾಲ ಮೊದಲಿನವರಲ್ಲಿ 18 ತಿಂಗಳಿಗೂ ಮೇಲೆ, ಎರಡನೆಯವರಲ್ಲಿ 10.1 ತಿಂಗಳು. ನಾಲ್ಕು ಮತ್ತು ಐದರ ನಡುವೆ ಒಂದು ಯುಗಾದಿ, ಒಂದು ದೀಪಾವಳಿ ಇದೆ ಎಂದಾಯಿತು. ಆ ಸಂಖ್ಯೆಗಳನ್ನು ಓದಿದಾಗ ನಾನು ಪೆನ್ನು ಕೆಳಗಿಟ್ಟೆ.

ತಿಳಿಯುವುದು ಬೇರೆ, ತಿಳಿದದ್ದರಿಂದ ದಾರಿ ಸಿಗುವುದು ಬೇರೆ. ಎಣಿಕೆ ಇಳಿಯದಿದ್ದರೆ ಕಿಮೊ ಔಷಧ ಬೇಗ ಬದಲಿಸಿದರೆ ಆಯಸ್ಸು ಹೆಚ್ಚೀತೇ ಎಂದು ಅಮೆರಿಕದಲ್ಲೇ 595 ಹೆಂಗಸರನ್ನು ಸೇರಿಸಿಕೊಂಡು ಪರೀಕ್ಷೆ ಮಾಡಿದರು, ಫಲಿತಾಂಶ 2014ರಲ್ಲಿ ಬಂತು. ಮೂರು ವಾರದ ಚಿಕಿತ್ಸೆಯ ನಂತರವೂ ಎಣಿಕೆ ಇಳಿಯದ 123 ಜನರಲ್ಲಿ ಕೆಲವರಿಗೆ ಅದೇ ಔಷಧ, ಕೆಲವರಿಗೆ ಬೇರೆ. ಬದುಕಿದ ಕಾಲದಲ್ಲಿ ಎಣಿಸುವಂಥ ವ್ಯತ್ಯಾಸ ಬರಲಿಲ್ಲ. ಎಣಿಕೆ ಸರಿಯಾಗಿಯೇ ಇತ್ತು. ಬದಲಿಸಿ ಕೊಡಲು ಕೈಯಲ್ಲಿದ್ದ ಔಷಧ ಸಾಲದಾಗಿತ್ತು. ಬಹಳ ಜನ ಇದನ್ನು ಸೋಲು ಎಂದರು. ನನಗೆ ಹಾಗನಿಸುವುದಿಲ್ಲ. ಇಲ್ಲ ಎನ್ನುವ ಉತ್ತರವನ್ನು ಅಷ್ಟು ನೇರವಾಗಿ ಅಚ್ಚು ಹಾಕಿದ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಆ 123 ಹೆಂಗಸರು ತಮ್ಮ ಹತ್ತು ಹನ್ನೆರಡು ತಿಂಗಳನ್ನು ಖರ್ಚುಮಾಡಿ ಕೊಟ್ಟ ಉತ್ತರ ಅದು.

ಈ ನಡುವೆ ಕೋಶವನ್ನೂ ಬಿಟ್ಟು, ಸತ್ತ ಕೋಶದಿಂದ ಚೆಲ್ಲಿದ ಡಿಎನ್‌ಎ ಚೂರನ್ನು ಹುಡುಕುವವರು ಬಂದರು. ರಕ್ತದಲ್ಲಿ ಹೀಗೆ ಬಿಡಿ ಡಿಎನ್‌ಎ ಇರುತ್ತದೆಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಾಂಡೆಲ್ ಮತ್ತು ಮೆತೇ ಎಂಬಿಬ್ಬರು 1948ರಲ್ಲೇ ಕಂಡಿದ್ದರು, ಡಿಎನ್‌ಎಯ ಎರಡೆಳೆಯ ರೂಪ ತಿಳಿಯುವುದಕ್ಕೂ ಮುಂಚೆ. ಲಂಡನ್ನಿನಲ್ಲಿ 2015ರಲ್ಲಿ ಪ್ರಕಟವಾದ ಕೆಲಸದಲ್ಲಿ, ಚಿಕಿತ್ಸೆ ಮುಗಿಸಿದ 55 ಜನರ ರಕ್ತದಲ್ಲಿ ಅವರವರ ಗಡ್ಡೆಯ ಡಿಎನ್‌ಎಯಲ್ಲಿ ಬದಲಾಗಿದ್ದ ಅಕ್ಷರವನ್ನು ಹುಡುಕಿದರು. ರೋಗ ಮರಳುವುದನ್ನು ಮಾಮೂಲಿ ವಿಧಾನಕ್ಕಿಂತ ಮಧ್ಯಾಂಕ ಲೆಕ್ಕದಲ್ಲಿ 7.9 ತಿಂಗಳು ಮುಂಚೆ ಅದು ಹೇಳಿತು. ಈಗ ಹೆಚ್ಚಿನ ಭರವಸೆ ಈ ದಾರಿಯಲ್ಲೇ ಇದೆ. ಆದರೆ ಹಳೆಯ ಕಸುಬಿನವಳಾದ ನನ್ನ ಮನಸ್ಸು ಕೋಶಕ್ಕೇ ಮರಳುತ್ತದೆ. ಅಕ್ಷರಕ್ಕೆ ಮುಖವಿಲ್ಲ.

ಕೋಶದ ಕಡೆಯಿಂದ ಬಂದ ಎರಡು ಸುದ್ದಿ ಹೇಳಿ ಮುಗಿಸುತ್ತೇನೆ. ಒಂಟಿಯಾಗಿ ಬರುವ ಕೋಶಗಳ ನಡುವೆ ಅಪರೂಪಕ್ಕೆ ಎರಡು ಮೂರು ಒಟ್ಟಿಗೆ ಅಂಟಿಕೊಂಡ ಗೊಂಚಲು ಸಿಗುತ್ತದೆ. ಬಾಸ್ಟನ್ನಿನಲ್ಲಿ ನಿಕೊಲಾ ಅಚೆಟೊ ಮತ್ತು ಜೊತೆಗಾರರು 2014ರಲ್ಲಿ ಇಲಿಗಳಲ್ಲಿ ತೋರಿಸಿದ ಪ್ರಕಾರ, ಹೊಸ ಜಾಗದಲ್ಲಿ ಬೇರೂರುವ ಶಕ್ತಿ ಒಂಟಿ ಕೋಶಕ್ಕಿಂತ ಗೊಂಚಲಿಗೆ 23ರಿಂದ 50 ಪಟ್ಟು ಹೆಚ್ಚು. ಹಾಗಾದರೆ ಗೊಂಚಲನ್ನು ಬಿಡಿಸಬಹುದೇ? ಗೊತ್ತಿರುವ ಸಾವಿರಾರು ಔಷಧಗಳನ್ನು ಪ್ರಯೋಗಾಲಯದಲ್ಲಿ ಸೋಸಿದಾಗ ಕೈಗೆ ಬಂದವುಗಳಲ್ಲಿ ಡಿಜಾಕ್ಸಿನ್ ಬಳಗದವೂ ಇದ್ದವು. ಡಿಜಾಕ್ಸಿನ್ ಎಂದರೆ ಗಂಟೆಯಾಕಾರದ ಹೂ ಬಿಡುವ ಡಿಜಿಟಾಲಿಸ್ ಗಿಡದಿಂದ ತೆಗೆಯುವ ಹಳೆಯ ಹೃದಯದ ಮಾತ್ರೆ. ಸ್ವಿಟ್ಜರ್ಲೆಂಡಿನಲ್ಲಿ ರೋಗ ಹರಡಿದ್ದ ಒಂಬತ್ತು ಹೆಂಗಸರು ಅದನ್ನು ತೆಗೆದುಕೊಂಡರು, 2025ರಲ್ಲಿ ಫಲಿತಾಂಶ ಬಂತು. ಗೊಂಚಲು ಸರಾಸರಿ 2.2 ಕೋಶದಷ್ಟು ಚಿಕ್ಕದಾಗಿತ್ತು. ಅದರಿಂದ ಯಾರ ಆಯಸ್ಸು ಹೆಚ್ಚಿತು ಎಂದು ಹೇಳುವ ಪರೀಕ್ಷೆಯಲ್ಲ ಅದು. ಎರಡು ಕೋಶ, ಮತ್ತೆ ಸ್ವಲ್ಪ. ಆ ಅಂಕಿಯನ್ನು ನಾನು ಎಷ್ಟು ಸಲ ಓದಿದೆನೋ.

ಇನ್ನೊಂದು ಸುದ್ದಿ ಅಚೆಟೊ ಅವರ ಬಳಗದ್ದೇ, 2022ರದು. ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ನೋಡಿದಾಗ ಎಣಿಕೆ ಬೇರೆಯಾಗುವುದು ಅವರ ಗಮನಕ್ಕೆ ಬಂದಿತ್ತು. ಆಸ್ಪತ್ರೆಯಲ್ಲಿದ್ದ 30 ಹೆಂಗಸರಿಂದ ಬೆಳಗಿನ ಜಾವ ನಾಲ್ಕಕ್ಕೆ ಒಂದು ಸಲ, ಬೆಳಿಗ್ಗೆ ಹತ್ತಕ್ಕೆ ಇನ್ನೊಂದು ಸಲ ರಕ್ತ ತೆಗೆದರು. ಸಿಕ್ಕಿದ ಕೋಶಗಳಲ್ಲಿ ನೂರಕ್ಕೆ 78.3ರಷ್ಟು ನಾಲ್ಕು ಗಂಟೆಯ ರಕ್ತದಲ್ಲಿದ್ದವು. ಹಗಲು ಮಲಗುವ ಇಲಿಗಳಲ್ಲಿ ಹಗಲಲ್ಲೇ ಹೆಚ್ಚಿದ್ದವು. ಮೈ ನಿದ್ದೆಯಲ್ಲಿರುವಾಗ ಗಡ್ಡೆ ಬಾಗಿಲು ತೆಗೆಯುತ್ತದೆ. ಈ ಕೋಶಗಳು ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ, ಆದ್ದರಿಂದ ಹತ್ತಕ್ಕೆ ಬರುವಷ್ಟರಲ್ಲಿ ಅವು ಇಳಿಯಬೇಕಾದಲ್ಲಿ ಇಳಿದಿರುತ್ತವೆ, ಇಲ್ಲವೇ ಸತ್ತಿರುತ್ತವೆ.

ಇದನ್ನು ಓದುವಾಗ ನನಗೆ ಆ ಮೂವತ್ತು ಜನ ಕಂಡರು. ಕತ್ತಲಲ್ಲಿ ಯಾರೋ ಬಂದು ಭುಜ ಮುಟ್ಟಿದಾಗ, ಕಣ್ಣು ಪೂರ್ತಿ ತೆರೆಯದೆ, ಹೊದಿಕೆಯಿಂದ ತೋಳನ್ನು ಹೊರಗೆ ಚಾಚಿದವರು. ನಾಲ್ಕು ಗಂಟೆ ಚಿಕ್ಕಮ್ಮ ಏಳುತ್ತಿದ್ದ ಹೊತ್ತು. ಒಲೆ ಹಚ್ಚಿ, ಕಂಬಕ್ಕೆ ಹಗ್ಗ ಸುತ್ತಿ, ಮೊಸರಿನ ಗಡಿಗೆಯ ಮುಂದೆ ಕೂರುತ್ತಿದ್ದಳು. ಸೊಂಟ ನೋಯತೊಡಗಿದ ಮೇಲೂ ಬಹಳ ದಿನ ಬಿಡಲಿಲ್ಲ. ಅವಳ ರಕ್ತ ತೆಗೆಯುತ್ತಿದ್ದದ್ದು ಯಾವಾಗಲೂ ಬೆಳಿಗ್ಗೆ ಹತ್ತರ ಮೇಲೆ, ಊರಿನ ಮೊದಲ ಬಸ್ಸು ಶಿವಮೊಗ್ಗ ಮುಟ್ಟಿದ ಮೇಲೆ.